ಎಪ್ಪತ್ತೆರಡು ಹಲ್ಲಿನ ಕ್ಯಾಸೆಟ್ಟು

ಟೀವಿ ಗೇಮಿನ ಕ್ಯಾಸೆಟ್ಟನ್ನು ಬಾಯಿಗೆ ಹಿಡಿದು ಉಫ್ ಎಂದು ಊದಿದರೆ, ಊದಿದ ಗಾಳಿ ಒಳಗೆ ಒಂದು ಸುತ್ತು ಹಾಕಿಕೊಂಡು ಮತ್ತೆ ನಮ್ಮ ಮುಖಕ್ಕೇ ಬರುತ್ತದೆ. ಬರುವಾಗ ಬರಿಗೈಲಿ ಬರುವುದಿಲ್ಲ. ಧೂಳು, ತಾಮ್ರದ ಕಿಲುಬು, ಕಾದು ಆರಿದ ಪ್ಲಾಸ್ಟಿಕ್ಕು, ನಮಗಿಂತ ಮುಂಚೆ ಊದಿದವರ ಬಾಯಿಯ ಟೀ, ಬೆಳ್ಳುಳ್ಳಿ, ಎಲ್ಲದರ ಪಾಲೂ ತರುತ್ತದೆ. ಆ ಆಟ ಆಡಿಕೊಂಡು ಬೆಳೆದವರಿಗೆ ನಾನು ಇದನ್ನು ಹೇಳಬೇಕಾಗಿಲ್ಲ. ಆಡದವರು ಹಳೆಯ ಬೀಗದ ಕೈಗೊಂಚಲೊಂದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಹೆಚ್ಚುಕಡಿಮೆ ಅದೇ. ಕಳೆದ ಭಾನುವಾರ ಬೆಳಿಗ್ಗೆ, ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯ ನಡುಮನೆಯಲ್ಲಿ ಕೂತು, ಹದಿನೆಂಟು ವರ್ಷಗಳ ಮೇಲೆ ನಾನು ಒಂದು ಬೂದು ಬಣ್ಣದ ಅಗಲವಾದ ಕ್ಯಾಸೆಟ್ಟನ್ನು ಊದಿದೆ. ಅಮ್ಮನ ಟ್ರಂಕಿನಲ್ಲಿ ನುಸಿಗುಳಿಗೆಗಳ ಜೊತೆ ಮಲಗಿದ್ದ ಕ್ಯಾಸೆಟ್ಟು ಅದು. ಅದಕ್ಕೆಂದೇ ಒಂದು ಅಡಾಪ್ಟರ್ ತರಿಸಿದ್ದೆ. ಹಳೇ ಕಾಲದ ಆಟಗಳನ್ನು ಆಡಿಸುವ ಹೊಸ ನಕಲಿ ಮಿಷನ್ನುಗಳು ಈಗಲೂ ಸಿಗುತ್ತವೆ, ಆದರೆ ಅವುಗಳ ಬಾಯಿ ಚಿಕ್ಕದು, ಅರುವತ್ತು ಪಿನ್ನಿನ ಕ್ಯಾಸೆಟ್ಟು ಮಾತ್ರ ಹಿಡಿಯುತ್ತದೆ. ಈ ಅಗಲದ ಕ್ಯಾಸೆಟ್ಟಿಗೆ ಎಪ್ಪತ್ತೆರಡು ಪಿನ್ನು. ಅಡಾಪ್ಟರ್ ಅಂದರೆ ನಡುವೆ ಕೂತು ಇದರ ಮಾತನ್ನು ಅದಕ್ಕೆ ದಾಟಿಸುವ, ಸೋಪಿನ ಗಾತ್ರದ ಒಂದು ಡಬ್ಬಿ. ಡಬ್ಬಿಯ ಜೊತೆ ಬಂದ ಚೀಟಿಯಲ್ಲಿ ಮೊದಲ ಸಾಲೇ, ದಯವಿಟ್ಟು ಊದಬೇಡಿ, ಉಸಿರಿನ ತೇವಕ್ಕೆ ಪಿನ್ನುಗಳಿಗೆ ಕಿಲುಬು ಹಿಡಿಯುತ್ತದೆ ಎಂದು. ನಮ್ಮ ಓರಗೆಯ ಹುಡುಗರೆಲ್ಲ ಔಷಧಿ ಎಂದುಕೊಂಡು ವರ್ಷಗಟ್ಟಲೆ ಹಾಕಿದ್ದು ವಿಷ. ಓದಿ ನಕ್ಕೆ. ಆಮೇಲೂ ಊದಿದೆ. ವಾಸನೆ ಬಂತು, ವಾಸನೆಯ ಹಿಂದೆ ತಾತನೂ ಬಂದ.

ನಾನು ಯಾರೆಂದು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಲು ಮರ್ಯಾದೆ ಉಳಿದಿರುವುದಿಲ್ಲ. ನನ್ನ ಹೆಸರು ಮಂಜ. ನಮ್ಮ ತಾಲ್ಲೂಕಿನಲ್ಲಿ ತಳ್ಳುಗಾಡಿಯ ಮೇಲೆ ಒಂದು ಸ್ಪೀಕರ್ ಕೂತು "ಟೊಮ್ಯಾಟೋ, ಈರುಳ್ಳಿ, ಬನ್ನಿ ಅಕ್ಕಾ ಬನ್ನಿ, ರಂಡಕ್ಕಾ, ವಾಂಗಕ್ಕಾ" ಎಂದು ಮೂರು ಭಾಷೆಯಲ್ಲಿ ಜನರ ನಿದ್ದೆ ಕೆಡಿಸುತ್ತದಲ್ಲ, ಆ ಧ್ವನಿ ನನ್ನದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಡುತ್ತೇನೆ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಎರಡು ಹಾಡಿನ ನಡುವೆ ಮಿಮಿಕ್ರಿ ಮಾಡುತ್ತೇನೆ. ಮಾರಿಕುಪ್ಪಂ ರೈಲು ತಿರುವಿನಲ್ಲಿ ಕಿರುಗುಟ್ಟುವುದು, ಟೀಸಿಯನ್ನು ಕಂಡ ಟಿಕೆಟ್ಟಿಲ್ಲದವನ ಕೆಮ್ಮು, ಹೆಣ್ಣು ಕೊಟ್ಟ ಮಾವ ಮೈಕು ಹಿಡಿದಾಗಿನ ನಡುಕ, ಎಲ್ಲಾ ಬರುತ್ತದೆ. ನನ್ನ ಸ್ವಂತದ ಧ್ವನಿ ಯಾವುದು ಎಂದು ಕೇಳಿದರೆ ಸ್ವಲ್ಪ ಯೋಚಿಸಬೇಕಾಗುತ್ತದೆ. ಒಬ್ಬರ ಧ್ವನಿ ಮಾತ್ರ ಹದಿನೆಂಟು ವರ್ಷದಿಂದ ಮಾಡಿಲ್ಲ.

ಆಗ ನಾವು ಇದ್ದದ್ದು ಚಿನ್ನದ ಗಣಿಯ ಚಾಂಪಿಯನ್ ರೀಫ್ಸಿನಲ್ಲಿ, ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಯಲ್ಲಿ, ಅಮ್ಮನ ತವರಿನಲ್ಲಿ. ಅಪ್ಪ ಲಾರಿ ಓಡಿಸಿಕೊಂಡು ತಿಂಗಳಿಗೊಮ್ಮೆ ಬಂದು ಹೋಗುತ್ತಿದ್ದ. ಮನೆಯಲ್ಲಿ ಅಮ್ಮ, ಅಮ್ಮನ ತಮ್ಮ ನಾರಾಯಣ ಮಾಮ, ಅಮ್ಮನ ಅಪ್ಪ, ಅಂದರೆ ತಾತ, ಮತ್ತು ಒಂಬತ್ತು ವರ್ಷದ ನಾನು. ಮುಂದೊಂದು ಕೋಣೆ, ಹಿಂದೊಂದು ಕೋಣೆ, ನಡುವೆ ಬಾಗಿಲಿಲ್ಲದ ಒಂದು ಬಾಗಿಲು. ತಗಡಿನ ಸೂರು ಮಧ್ಯಾಹ್ನಕ್ಕೆ ಕಾದು ಟಿಣ್ ಟಿಣ್ ಎನ್ನುತ್ತಿತ್ತು. ಚಿನ್ನ ತೆಗೆದು ಉಳಿದ ಮಣ್ಣು ಸುರಿದ ಸೈನೈಡ್ ಗುಡ್ಡದ ಕಡೆಯಿಂದ ಗಾಳಿ ಬೀಸಿದ ದಿನ ಅನ್ನದ ತಟ್ಟೆಯನ್ನು ಇನ್ನೊಂದು ತಟ್ಟೆಯಿಂದ ಮುಚ್ಚಿಕೊಂಡು, ಸಂದಿಯಲ್ಲಿ ಕೈ ಹಾಕಿ ತಿನ್ನುತ್ತಿದ್ದೆವು. ತಾತ ಗಣಿಯಲ್ಲಿ ಕೇಜಿನ ಗಂಟೆ ಹೊಡೆಯುವ ಕೆಲಸದಲ್ಲಿದ್ದವನು. ನೆಲದೊಳಗಿನಿಂದ ಜನರನ್ನು ಮೇಲಕ್ಕೆತ್ತುವ ಪಂಜರವನ್ನು ಇಳಿಸು, ಎತ್ತು, ನಿಲ್ಲಿಸು ಎಂದು ಮೇಲಿನವರಿಗೆ ತಿಳಿಸುವುದು ಗಂಟೆಯ ಲೆಕ್ಕದಿಂದಲೇ. ಗಣಿ ಮುಚ್ಚಿತು, ಧೂಳು ತಾತನ ಎದೆಯಲ್ಲಿ ಉಳಿಯಿತು. ನಾನು ಕಾಣುವ ಹೊತ್ತಿಗೆ ಅವನು ಹಿಂದಿನ ಕೋಣೆಯ ಕಬ್ಬಿಣದ ಮಂಚ ಹಿಡಿದಾಗಿತ್ತು. ಕೂಗಿ ಕರೆಯಲು ಉಸಿರು ಸಾಲದು. ಅದಕ್ಕೆ ದಿಂಬಿನ ಪಕ್ಕ ಒಂದು ಸ್ಪ್ಯಾನರ್ ಇಟ್ಟುಕೊಂಡು ಮಂಚದ ಪೈಪಿಗೆ ಹೊಡೆಯುತ್ತಿದ್ದ. ಒಂದು ಹೊಡೆದರೆ ನೀರು. ಎರಡು ಹೊಡೆದರೆ ಎತ್ತಿ ಕೂರಿಸಿ. ಮೂರಾದರೆ ಓಡಿ ಬನ್ನಿ. ನಮ್ಮ ಮನೆಯಲ್ಲಿ ಇದು ಎಷ್ಟು ಸಹಜವಾಗಿತ್ತೆಂದರೆ, ಬೇರೆಯವರ ಮನೆಯ ಮುದುಕರು ಬಾಯಲ್ಲಿ ನೀರು ಕೇಳುವುದನ್ನು ಕಂಡರೆ ನನಗೆ ವಿಚಿತ್ರ ಅನ್ನಿಸುತ್ತಿತ್ತು. ಎರಡು ಹೊಡೆದಾಗ ಹೋಗುತ್ತಿದ್ದವನು ಹೆಚ್ಚಾಗಿ ನಾನೇ. ಕಂಕುಳಿಗೆ ಕೈ ಕೊಟ್ಟು, ಬೆನ್ನಿಗೆ ಎರಡು ದಿಂಬು ಒತ್ತಿದರೆ ಆಯಿತು. ಅಷ್ಟು ಹಗುರವಾಗಿದ್ದ.

ನನ್ನ ಮೊದಲ ಗಿರಾಕಿ ತಾತನೇ. ಲೈನಿನ ಜನರನ್ನೆಲ್ಲ ಅವನ ಮಂಚದ ಮುಂದೆ ತಂದು ನಿಲ್ಲಿಸುತ್ತಿದ್ದೆ. ರೇಷನ್ ಅಂಗಡಿಯವನು, ಕೊಡಕ್ಕಾಗಿ ಜಗಳವಾಡುವ ಪಕ್ಕದ ಮನೆಯ ಸೆಲ್ವಿ ಅಕ್ಕ, ಯಾರನ್ನೂ ಬಿಡುತ್ತಿರಲಿಲ್ಲ. ಕೊನೆಗೆ ಅವನನ್ನೇ ಅವನಿಗೆ ಮಾಡಿ ತೋರಿಸುತ್ತಿದ್ದೆ. ಅವನದು ಒಂದು ವಾಕ್ಯದಲ್ಲಿ ಎರಡು ಕಡೆ ನಿಂತು ಉಸಿರು ತೆಗೆದುಕೊಳ್ಳುವ ಮಾತು, ಉಸಿರಿನ ತಳದಲ್ಲಿ ಸಣ್ಣದೊಂದು ಸೀಟಿ. ಆ ಸೀಟಿಯನ್ನು ಹಿಡಿಯಲು ನನಗೆ ಒಂದು ಬೇಸಿಗೆ ರಜೆ ಬೇಕಾಯಿತು. ಹಿಡಿದ ದಿನ ತಾತ ನಕ್ಕು ನಕ್ಕು, ಆ ನಗುವೇ ಕೆಮ್ಮಾಗಿ, ಕಣ್ಣಲ್ಲಿ ನೀರು ಬಂದು, "ಲೇ ಮಂಜ, ನನ್ ಗಂಟಲು ನಂಗೆ ವಾಪಸ್ ಕೊಡ್ಲಾ" ಎಂದ. ಆಮೇಲೆ ಕಣ್ಣು ಒರೆಸಿಕೊಂಡು, "ಇಟ್ಕೋ. ನಾನ್ ಓದ್ ಮ್ಯಾಕೆ ನಿಮ್ಮಮ್ಮಂಗೆ ಬ್ಯಾಸ್ರ ಆದ್ರೆ ಇಂಗೇ ಒಂದೆರ್ಡು ಮಾತಾಡು" ಎಂದ. ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಅಮ್ಮ, "ಥೂ, ನಿನ್ ಬಾಯ್ಗೆ ಬೆಂಕಿ ಬೀಳ, ಇಬ್ರಿಗೂ ಬುದ್ಧಿ ಇಲ್ಲ" ಎಂದು ಮೊರ ಕುಟ್ಟಿದಳು.

ಬೂದು ಕ್ಯಾಸೆಟ್ಟನ್ನು ಮನೆಗೆ ತಂದದ್ದೂ ತಾತನೇ. ಮಂಚ ಹಿಡಿಯುವ ಮುಂಚೆ ಅವನು ಒಂದು ಬಂಗಲೆಯಲ್ಲಿ ತೋಟದ ಕೆಲಸಕ್ಕೆ ಹೋಗುತ್ತಿದ್ದ. ಆ ಮನೆಯವರು ಊರು ಬಿಟ್ಟು ಸಮುದ್ರದಾಚೆ ಹೊರಟಾಗ ಹಂಚಿದ ಸಾಮಾನಿನಲ್ಲಿ ತಾತನಿಗೆ ಒಂದು ಪಿಂಗಾಣಿ ಜಗ್ಗು ಮತ್ತು ಆ ಕ್ಯಾಸೆಟ್ಟು ಬಂದಿದ್ದವು. ಜಗ್ಗು ಒಡೆಯಿತು. ಕ್ಯಾಸೆಟ್ಟು ಆಗ ನಮ್ಮ ಮನೆಯಲ್ಲಿದ್ದ ನಕಲಿ ಮಿಷನ್ನಿಗೆ ಹಿಡಿಸಲೇ ಇಲ್ಲ. ನಾನು ಮೊದಲು ಕಲ್ಲಿನಿಂದ ಕುಟ್ಟಿ ತೂರಿಸಲು ನೋಡಿದ್ದೆ, ಆ ಗಾಯ ಅದರ ಮೂಲೆಯಲ್ಲಿ ಈಗಲೂ ಇದೆ. ಬಂಗಾರಪೇಟೆಯಲ್ಲಿ ಟೀವಿ ರಿಪೇರಿ ಅಂಗಡಿಗೆ ಹೋಗುತ್ತಿದ್ದ ಮಾಮ ಅದನ್ನು ತಿರುಗಿಸಿ ನೋಡಿ, ಪಿನ್ನು ಎಣಿಸಿ, "ಇದು ಎಪ್ಪತ್ತೆರಡು, ನಮ್ದು ಅರುವತ್ತು. ಮಧ್ಯಕ್ಕೊಂದು ಅಡಾಪ್ಟ್ರು ಮಾಡ್ಬೇಕು" ಎಂದ. ತಾತ ಮಲಗಿದಲ್ಲಿಂದಲೇ, "ನಂಗೆ ಉಳ್ದಿರೋವು ಏಳ್ ಅಲ್ಲು. ಇದುಕ್ಕೇನ್ಲಾ ಎಪ್ಪತ್ತೆರಡು?" ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಪಿನ್ನಿಗೆ ಹಲ್ಲು ಎಂದೇ ಹೆಸರು.

ಮಾಮ ಆ ಅಡಾಪ್ಟರ್ ಮಾಡಲು ಒಂದು ಚಳಿಗಾಲ ಪೂರ್ತಿ ತೆಗೆದುಕೊಂಡ. ಭಾನುವಾರ ಮಾತ್ರ ಅವನಿಗೆ ಬಿಡುವು. ಕೆಟ್ಟ ಕಂಪ್ಯೂಟರಿನ ಒಳಗಿಂದ ಕಿತ್ತ ಎರಡು ಉದ್ದನೆಯ ಸಾಕೆಟ್ಟನ್ನು ಗರಗಸದ ಬ್ಲೇಡಿನಲ್ಲಿ ಕೊಯ್ದು, ಎಪ್ಪತ್ತೆರಡು ಹಲ್ಲು ಕಚ್ಚುವಷ್ಟು ಉದ್ದಕ್ಕೆ ಜೋಡಿಸಿದ. ಸತ್ತ ಕ್ಯಾಸೆಟ್ಟೊಂದರ ಹೊಟ್ಟೆ ಖಾಲಿ ಮಾಡಿ, ಅದರ ಅರುವತ್ತು ಹಲ್ಲಿನ ಅಂಚನ್ನು ಇನ್ನೊಂದು ಬದಿಗೆ ಇಟ್ಟ. ಯಾವ ಹಲ್ಲನ್ನು ಯಾವ ಹಲ್ಲಿಗೆ ಸೇರಿಸಬೇಕು ಎಂಬ ಪಟ ಬ್ರೌಸಿಂಗ್ ಸೆಂಟರಿನಿಂದ ಬಂತು, ಗೋಡೆಗೆ ಅನ್ನದ ಅಂಟಿನಲ್ಲಿ ಅಂಟಿತು. ವೈರು ಮಾತ್ರ ತಾತನದು. ಗಣಿಯ ಗಂಟೆಗೆ ಹೋಗುತ್ತಿದ್ದ ಕೇಬಲಿನ ಒಂದು ತುಂಡನ್ನು, ಯಾಕೆಂದು ಅವನಿಗೇ ತಿಳಿಯದೆ, ಮಂಚದ ಕೆಳಗೆ ಸುತ್ತಿಟ್ಟುಕೊಂಡಿದ್ದ. ಅದನ್ನು ಬಿಚ್ಚಿಸಿ, ಎದೆಯ ಮೇಲೆ ಹರಡಿಕೊಂಡು, ಒಳಗಿನ ಎಳೆಗಳನ್ನು ಒಂದೊಂದಾಗಿ ಬಿಡಿಸಿ, ಗೇಣುದ್ದಕ್ಕೆ ಕತ್ತರಿಸಿ, ಎರಡೂ ತುದಿಯ ರಬ್ಬರನ್ನು ಉಗುರಿನಲ್ಲೇ ಸುಲಿದು ಕೊಡುತ್ತಿದ್ದ. ಐದು ಎಳೆ ಸುಲಿದರೆ ಒಂದು ತಾಸು ಸುಧಾರಿಸಿಕೊಳ್ಳುವನು. ಮುಂದಿನ ಕೋಣೆಯಿಂದ ಸೋಲ್ಡರಿನ ಹೊಗೆ ಬಂದರೆ ಕೆಮ್ಮು ಹೆಚ್ಚುತ್ತಿತ್ತು, ಆದರೂ ಬಾಗಿಲಿಗೆ ಸೀರೆ ಕಟ್ಟಲು ಬಿಡುತ್ತಿರಲಿಲ್ಲ. "ನನ್ ಗಂಟೆ ವೈರು ಕಣಪ್ಪಾ ಅದು. ಬಾಂಬೆ ಇಂಜಿನಿಯರ್ ಬಂದ್ರೂ ಸುಳ್ಳೇಳಿದ್ದಿಲ್ಲ. ಈ ಆಟ ಆಡ್ಸದೇ ಇದ್ರೆ ಕೇಳು" ಎನ್ನುತ್ತಿದ್ದ. ಅವನಿಗೆ ಆಟದ ಹುಚ್ಚಿರಲಿಲ್ಲ, ಅದರ ಬಟನ್ ಒಂದೂ ಅವನಿಗೆ ಗೊತ್ತಿರಲಿಲ್ಲ. ಆ ವೈರು ಇನ್ನೊಂದು ಸಲ ಏನನ್ನಾದರೂ ಮೇಲಕ್ಕೆತ್ತುವುದನ್ನು ಕಣ್ಣಲ್ಲಿ ನೋಡಬೇಕಿತ್ತು. ಟೀವಿಯನ್ನು ನಡುಬಾಗಿಲಿಗೆ ನೇರವಾಗಿ ಇಡಿಸಿದ್ದ. ಮಲಗಿದರೆ ಕಾಣದು, ಎದ್ದು ಕೂತರೆ ಪೂರ್ತಿ ಕಾಣುತ್ತದೆ ಎಂದು ನನ್ನನ್ನು ದಿಂಬಿನ ಮೇಲೆ ಕೂರಿಸಿ ಪರೀಕ್ಷೆಯನ್ನೂ ಮಾಡಿಸಿದ್ದ.

ಅದೂ ಒಂದು ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತು. ಎಂಟು ದಿನದ ಮೇಲೆ ನಲ್ಲಿಯಲ್ಲಿ ನೀರು ಬಂದಿತ್ತು. ನಲ್ಲಿ ನಮ್ಮ ಬಾಗಿಲಿಂದ ನಾಲ್ಕು ಹೆಜ್ಜೆ, ಒಳಗೆ ಮೆಲ್ಲಗಾಡಿದ ಮಾತೂ ಕೇಳುತ್ತಿತ್ತು; ಅಮ್ಮ ಅಲ್ಲಿ ಕೊಡಗಳ ಸಾಲಿನಲ್ಲಿ ನಿಂತಿದ್ದಳು. ಮಾಮ ಕೊನೆಯ ಎಳೆಗೆ ಸೋಲ್ಡರ್ ಇಟ್ಟು, ಕ್ಯಾಸೆಟ್ಟನ್ನು ಊದಿ, ಕೂರಿಸಿ, ಸ್ವಿಚ್ಚು ಒತ್ತಿದ. ಮೊದಲು ಬರೀ ಚೌಕ ಚೌಕ. ಕ್ಯಾಸೆಟ್ಟನ್ನು ಕೂದಲೆಳೆಯಷ್ಟು ಓರೆ ಮಾಡಿದ. ಟೀವಿಯ ತುಂಬ ನೀಲಿ ಆಕಾಶ ಬಿಚ್ಚಿಕೊಂಡಿತು. ಕೆಳಗೆ ಹಸಿರು ಗುಡ್ಡ, ಒಂದು ಪುಟ್ಟ ಹಳದಿ ವಿಮಾನ, ಹಿಂದಿನಿಂದ ಕುಣಿಕುಣಿಯುವ ಸಂಗೀತ. ಮಾಮ ಕೂಗಿದ ಕೂಗಿಗೆ ಲೈನಿನ ನಾಯಿಗಳೆಲ್ಲ ಎದ್ದವು. ಒಳಗಿಂದ ತಾತ, "ಬಂತೇನ್ಲಾ?" ಎಂದ. "ಬಂತಪ್ಪಾ! ಇರು, ನಮ್ ದೋಸ್ತ್ ಬಾಬುನ್ ಕರ್ಕೊಂಡ್ ಬತ್ತೀನಿ, ಅವ್ನು ಆಗಲ್ಲ ಅಂದಿದ್ದ" ಎಂದು ಮಾಮ ಅಂಗಿ ಹಾಕಿಕೊಳ್ಳುತ್ತಲೇ ಹೊರಗೆ ಹಾರಿದ. ಹೋಗುವಾಗ ನನ್ನ ಕೈಗೆ ಆಟದ ರಿಮೋಟು ಕೊಟ್ಟು, "ಅಲ್ಲಾಡ್ಬ್ಯಾಡ. ಏಳ್ಲೂ ಬ್ಯಾಡ. ನೆಲ ಅಲ್ಲಾಡಿದ್ರೆ ಕಿತ್ಕೊಂಡ್ ಓಗ್ತದೆ" ಎಂದ. ನಾನು ಉಸಿರು ಬಿಗಿಹಿಡಿದು ವಿಮಾನ ಹಾರಿಸಿದೆ. ಒಂದು ಗುಡ್ಡ, ಎರಡು ಗುಡ್ಡ. ಆಗ ಹಿಂದಿನ ಕೋಣೆಯಿಂದ ಕೇಳಿತು, ಟಣ್, ಟಣ್. ಎರಡು. ಎತ್ತಿ ಕೂರಿಸಿ.

ಕೇಳಿಸಲಿಲ್ಲ ಎಂದು ನಾನು ಹೇಳುವುದಿಲ್ಲ. ಮಾಮ ಅಲ್ಲಾಡಬೇಡ ಎಂದಿದ್ದ ಎಂದೂ ಹೇಳುವುದಿಲ್ಲ, ಮಾಮನ ಮಾತನ್ನು ನಾನು ಬೇರೆ ಯಾವತ್ತು ಕೇಳಿದ್ದೆ? ಮೂರನೇ ಗುಡ್ಡ ಕಾಣುತ್ತಿತ್ತು, ಅಷ್ಟೇ. ಮತ್ತೆ ಟಣ್, ಟಣ್. ನಲ್ಲಿಯ ಹತ್ತಿರದಿಂದ ಅಮ್ಮನ ಕೂಗು ಬಂತು, "ಅಪ್ಪಾ, ತಟ್ಟಿದ್ಯೇನಪ್ಪಾ? ಎಬ್ಬಿಸ್ಬೇಕಾ? ಬರ್ಲಾ?" ಪಕ್ಕದಲ್ಲೇ ಸೆಲ್ವಿ ಅಕ್ಕ, "ನೀ ಪೋನಾ ಉನ್ ಕೊಡಂ ಕಡೇಸಿಕ್ಕು ಪೋಯಿಡುಂ, ಪಾತ್ಕೋ" ಎಂದು, ಸಾಲು ತಪ್ಪಿದರೆ ಕೊನೆಗೆ ಹೋಗುತ್ತೀಯ ಎಂದು ಹೆದರಿಸುತ್ತಿದ್ದಳು. ಮುಂದಿನ ಕೂಗು ನನಗೇ ಎಂದು ಗೊತ್ತಿತ್ತು. "ಮಂಜಾ, ತಾತುನ್ ನೋಡ್ಲಾ" ಎನ್ನುತ್ತಾಳೆ, ಏಳಬೇಕಾಗುತ್ತದೆ. ಅದು ಬರುವ ಮೊದಲೇ ನಾನು ಬಾಯಿ ತೆರೆದೆ. ಕಣ್ಣು ವಿಮಾನದ ಮೇಲೇ ಇತ್ತು. "ಏನೂ... ಬ್ಯಾಡಮ್ಮಾ. ನೀನು... ನೀರ್ ಇಡ್ಕೋ." ಎರಡು ಕಡೆ ನಿಂತು, ತಳದಲ್ಲಿ ಸೀಟಿ ಸಮೇತ. ಅಷ್ಟು ಚೆನ್ನಾಗಿ ಆಮೇಲೆ ಯಾವ ಸ್ಟೇಜಿನ ಮೇಲೂ ಯಾರ ಧ್ವನಿಯನ್ನೂ ಮಾಡಿಲ್ಲ. "ಆಗ್ಲಪ್ಪಾ" ಎಂದಳು ಅಮ್ಮ. ಕೊಡಕ್ಕೆ ನೀರು ಬೀಳತೊಡಗಿತು. ಹಿಂದಿನ ಕೋಣೆಯಿಂದ ಸ್ಪ್ಯಾನರನ್ನು ಕಿಟಕಿಯ ಕಲ್ಲಿನ ಮೇಲೆ ಮೆಲ್ಲಗೆ ಇಟ್ಟ ಸದ್ದು.

ಮಾಮ ಬಾಬುವನ್ನು ಎಳೆದುಕೊಂಡು ಓಡಿ ಬಂದ. ಓಡಿ ಬಂದ ಕಾಲಿನ ಧಡಧಡಕ್ಕೇ ಆಕಾಶ ಚೌಕ ಚೌಕವಾಗಿ ಒಡೆದು ನಿಂತುಹೋಯಿತು. ಸಂಜೆಯವರೆಗೂ ಇಬ್ಬರೂ ಅಲುಗಾಡಿಸಿ, ಊದಿ, ಒರೆಸಿ ನೋಡಿದರು, ಬರಲಿಲ್ಲ. "ಬರೋ ಭಾನ್ವಾರ ಸರಿ ಮಾಡ್ತೀನಪ್ಪಾ" ಎಂದ ಮಾಮ. "ಆಗ್ಲಿ ಬುಡು" ಎಂದ ತಾತ. ತಾತ ಕೇಳದೇ ಇದ್ದರೂ ನಾನು ನೀರನ್ನು ಚೊಂಬಿನಲ್ಲಿ ತೆಗೆದುಕೊಂಡು ಒಳಗೆ ಹೋದೆ. ತಾತ ನನ್ನನ್ನು ನೋಡಿ, "ಚೆನ್ನಾಗಿತ್ತೇನ್ಲಾ ಆಟ?" ಎಂದು ಕೇಳಿದ. ಹೂಂ ಎಂದೆ. ಅವನು ಚೊಂಬಿನಿಂದ ಒಂದು ಗುಟುಕು ಕುಡಿದು, ಉಸಿರು ಕೂಡಿಸಿಕೊಂಡು, "ನನ್ನಂಗೇ ಏಳ್ದೆ ಕಣ್ಲಾ. ನಾನೇ ಅಂದ್ನೇನೋ ಅನ್ಕಂಡೆ" ಎಂದ. ಸಿಟ್ಟಿರಲಿಲ್ಲ. ಯಾವಾಗಲೂ ನನ್ನ ಆಟಗಳನ್ನು ಮೆಚ್ಚುತ್ತಿದ್ದ ಹಾಗೆಯೇ ಮೆಚ್ಚಿದ. ಬೈದಿದ್ದರೆ ಇಷ್ಟು ವರ್ಷಕ್ಕೆ ಆ ಬೈಗುಳದ ಮಿಮಿಕ್ರಿಯನ್ನೂ ಮಾಡಿ ಚಪ್ಪಾಳೆ ಗಿಟ್ಟಿಸಿಕೊಂಡಿರುತ್ತಿದ್ದೆ.

ಆಮೇಲೆ ತಾತ ಎರಡು ಹೊಡೆಯಲೇ ಇಲ್ಲ. ನೀರಿಗೆ ಒಂದು ಹೊಡೆಯುತ್ತಿದ್ದ, ಅಷ್ಟೇ. ಅಮ್ಮ ತಾನಾಗಿ ಹೋಗಿ, "ಕೂತ್ಕೋತೀಯೇನಪ್ಪಾ" ಎಂದರೆ ತಲೆ ಆಡಿಸಿ ಗೋಡೆಯ ಕಡೆ ತಿರುಗುತ್ತಿದ್ದ. ಆ ವಾರ ಮುಗಿಯುವ ಮೊದಲೇ ಒಂದು ಮಧ್ಯಾಹ್ನ ಮೂರು ಹೊಡೆದ. ಎಲ್ಲರೂ ಓಡಿದೆವು. ಆಸ್ಪತ್ರೆಗೆ ಹೋದವನು ಆ ಮಂಚಕ್ಕೆ ಮತ್ತೆ ಬರಲಿಲ್ಲ. ಮಾಮ ಅಡಾಪ್ಟರನ್ನು ಸರಿ ಮಾಡುವ ಭಾನುವಾರ ತಾತನ ಮೂರನೇ ದಿನದ ಹಾಲುತುಪ್ಪಕ್ಕೆ ಹೋಯಿತು. ಮುಂದೊಂದು ದಿನ ಅಂಗಡಿಯಲ್ಲಿ ವೈರು ಸಾಲದೆ ಬಂದಾಗ ಮಾಮನೇ ಅದನ್ನು ಬಿಚ್ಚಿ, ಎಳೆಗಳನ್ನು ಯಾರ್ಯಾರದೋ ಟೀವಿಯ ಹೊಟ್ಟೆಗೆ ಹಾಕಿದ. ಈಗ ಅವನದು ಇದೇ ಬಂಗಾರಪೇಟೆಯಲ್ಲಿ ಮೊಬೈಲ್ ಕವರಿನ ಅಂಗಡಿ. ಮೊನ್ನೆ ಕೇಳಿದೆ. "ಯಾವ ಅಡಾಪ್ಟ್ರ್ಲಾ?" ಎಂದ, ಗ್ಲಾಸು ಅಂಟಿಸುತ್ತಾ, ತಲೆ ಎತ್ತದೆ. ಲೈನ್ ಮನೆ ಬಿಟ್ಟು ಬಂದು ಎಷ್ಟೋ ಕಾಲವಾಯಿತು. ಒಮ್ಮೆ ಹೋಗಿ ನೋಡಿದೆ. ಸೂರಿನ ತಗಡು ಯಾರೋ ಕಿತ್ತಿದ್ದರು. ಹಿಂದಿನ ಕೋಣೆಯ ತುಂಬ ಬಿಸಿಲು ಬಿದ್ದಿತ್ತು. ತಾತ ಇದ್ದಾಗ ಒಂದು ದಿನವೂ ಆ ಕೋಣೆಗೆ ಬಿಸಿಲು ಬಂದಿರಲಿಲ್ಲ. ಕಿಟಕಿಯ ಕಲ್ಲು ಮಾತ್ರ ಇತ್ತು, ಸ್ಪ್ಯಾನರ್ ಇಟ್ಟ ಕಡೆ ತುಕ್ಕಿನ ಒಂದು ಗೀರು.

ಕಳೆದ ಭಾನುವಾರ ಹೊಸ ಅಡಾಪ್ಟರ್ ಮೊದಲ ಸಲಕ್ಕೇ ಕಚ್ಚಿಕೊಂಡಿತು. ಓರೆ ಮಾಡಬೇಕಾಗಲಿಲ್ಲ, ಕುಣಿದರೂ ಅಲುಗಾಡದು. ನೀಲಿ ಆಕಾಶ, ಹಸಿರು ಗುಡ್ಡ, ಹಳದಿ ವಿಮಾನ. ಸಂಗೀತ ಕೇಳಿ ಅಮ್ಮ ಅಡುಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. "ಅವತ್ತಿನ್ದೇ ಅಲ್ವೇನ್ಲಾ ಇದು?" ಎಂದು ಗೋಡೆಗೆ ಒರಗಿ ಕೂತಳು. ಸ್ವಲ್ಪ ಹೊತ್ತು ವಿಮಾನ ನೋಡಿದಳು. ಆಮೇಲೆ ನನಗೆ ಹೇಳುತ್ತಿದ್ದಾಳೋ ಟೀವಿಗೋ ತಿಳಿಯದ ಹಾಗೆ ಹೇಳಿದಳು: "ನಮ್ಮಪ್ಪ ಎಷ್ಟ್ ಆಸೆ ಪಟ್ಟಿದ್ದ. ಒಂದೊಂದ್ ವೈರೂ ಅವ್ನೇ ಸುಲ್ದು ಕೊಟ್ಟು, ಕಡೇಗೆ ಎಬ್ಬಿಸ್ಲಾ ಅಂದ್ರೆ ಬ್ಯಾಡ ಅಂದ್ಬುಟ್ಟ. ನಾನು ಕೊಡ ಬುಟ್ಟು ಒಳಕ್ ಬಂದು ಕೇಳ್ಬೇಕಿತ್ತು ಕಣ್ಲಾ. ನಲ್ಲಿ ತಾವ್ಲಿಂದ್ಲೇ ಕೂಗ್ದೆ, ಯಾರ್ನೋ ಕೇಳ್ದಂಗೆ. ಅದ್ಕೇ ಬೇಜಾರ್ ಮಾಡ್ಕೊಂಡ. ಆಮ್ಯಾಕೆ ಒಂದಿನಾನೂ ಎಬ್ಬಿಸು ಅನ್ಲಿಲ್ಲ ನನ್ನ." ನನ್ನ ಕೈಯಲ್ಲಿ ರಿಮೋಟಿತ್ತು. ವಿಮಾನ ತಾನಾಗಿ ಹೋಗಿ ಮೊದಲನೇ ಗುಡ್ಡಕ್ಕೇ ಬಡಿಯಿತು. ಹದಿನೆಂಟು ವರ್ಷ ಅಮ್ಮ ಆ ಕೊಡವನ್ನು ಇಳಿಸಿಯೇ ಇಲ್ಲ ಎಂದು ನನಗೆ ಗೊತ್ತಾದದ್ದು ಆವಾಗ. ಹೇಳಲು ಅದಕ್ಕಿಂತ ಸರಿಯಾದ ಹೊತ್ತು ಇರಲಿಲ್ಲ. ನಾನು ಹೇಳಲಿಲ್ಲ. ಅಮ್ಮನೇ ನನ್ನ ಕಡೆ ತಿರುಗಿ, ನಾಚಿಕೊಂಡವಳ ಹಾಗೆ, "ಒಂದ್ಸಲ ಅಪ್ಪನಂಗೆ ಮಾತಾಡ್ಲಾ, ಕೇಳ್ಬೇಕು ಅನ್ನಿಸ್ತೈತೆ" ಎಂದಳು. ಬಾಯಿ ತೆರೆದೆ. ಆ ಧ್ವನಿಯಲ್ಲಿ ನನ್ನ ಹತ್ತಿರ ಉಳಿದಿರುವುದು ಒಂದೇ ಮಾತು. "ಮರ್ತೋಗೈತೆ ಅಮ್ಮಾ" ಎಂದೆ. "ಓಗ್ಲಿ ಬುಡು, ನಿಂಗೇನ್ ನೆಪ್ಪಿರ್ತೈತೆ, ಅವಾಗ ಚಿಕ್ ಉಡ್ಗ" ಎಂದು ನನ್ನ ತಲೆ ಸವರಿ ಒಳಗೆ ಹೋದಳು.

ಅಮ್ಮ ಚಿಕ್ಕವಳಿದ್ದಾಗ ಗಡಿಯಾಚೆ ಅವಳ ಅಜ್ಜಿಯ ಊರಿನಲ್ಲಿದ್ದು ಶಾಲೆಗೆ ಹೋದವಳು. ಓದಲು ಬರುವುದು ತಮಿಳು ಅಕ್ಷರ ಮಾತ್ರ. ಅದಕ್ಕೇ ಇದನ್ನು ಕನ್ನಡದಲ್ಲಿ ಬರೆದು ನಿಮಗೆ ಕೊಡುತ್ತಿದ್ದೇನೆ. ಈ ಹಾಳೆಯನ್ನು ಅವಳು ಬೇಕಾದರೆ ಬೇಳೆ ಕಟ್ಟಿಡಲು ಬಳಸಿಕೊಳ್ಳಲಿ, ಒಂದು ಸಾಲೂ ಅವಳಿಗೆ ದಾಟಿ ಹೋಗುವುದಿಲ್ಲ. ಬರೆಯುತ್ತಿರುವ ಹೊತ್ತಿಗೆ ಸರಿಯಾಗಿ ಹೊರಗೆ ಒಂದು ತಳ್ಳುಗಾಡಿ ಬಂದು ನಿಂತಿದೆ. ಸ್ಪೀಕರಿನಲ್ಲಿ ನಾನು ಬನ್ನಿ ಅಕ್ಕಾ ಬನ್ನಿ, ರಂಡಕ್ಕಾ, ವಾಂಗಕ್ಕಾ ಎಂದು ಕೂಗುತ್ತಿದ್ದೇನೆ. ಅಮ್ಮ ಬಾಗಿಲಿಗೆ ಹೋಗಿ, ಗಾಡಿಯವನ ಮುಖ ನೋಡದೆ, ಸ್ಪೀಕರಿಗೇ ಹೇಳುತ್ತಿದ್ದಾಳೆ: "ಏನೂ ಬ್ಯಾಡಪ್ಪಾ. ಓಗು."